ಕನ್ನಡದ ಕಿವಿಯಿಂದ ಇಂಗ್ಲಿಷ್ ತಪ್ಪು ಹಿಡಿಯುವುದು

"ಅಕ್ಕ, ಇದರಲ್ಲಿ ತಪ್ಪೇ ಇಲ್ಲ. ಮೂರು ಸಲ ಓದಿದೆ. ಎಲ್ಲಾ ಸರಿಯಾಗೇ ಇದೆ ಅಲ್ವಾ?"

ಒಂದು ಭಾನುವಾರ ಬೆಳಿಗ್ಗೆ ನಮ್ಮ ಚಿಕ್ಕಪ್ಪನ ಮಗ ಮಾಕ್ ಟೆಸ್ಟ್ ಹಾಳೆ ತಂದು ನನ್ನ ಮುಂದೆ ಇಟ್ಟು ಹೀಗೆ ಕೇಳಿದ. ವಾಕ್ಯ ಇದು: 'ದಿ ಪ್ರೈಸ್ ಆಫ್ ದೀಸ್ ಸಿಲ್ಕ್ ಸ್ಯಾರೀಸ್ ಹ್ಯಾವ್ ಗಾನ್ ಅಪ್.' ಅವನು 'ನೋ ಎರರ್' ಅಂತ ಗುರುತು ಹಾಕಿದ್ದ. ನಾನು ಏನೂ ಹೇಳದೆ ಒಂದೇ ಕೇಳಿದೆ, ಇದನ್ನು ಕನ್ನಡದಲ್ಲಿ ಹೇಳು ನೋಡೋಣ ಅಂತ. "ಈ ರೇಷ್ಮೆ ಸೀರೆಗಳ ಬೆಲೆ ಏರಿದೆ" ಅಂದ. ಏರಿದೆಯೋ, ಏರಿವೆಯೋ? "ಏರಿದೆ ಅಕ್ಕ, ಬೆಲೆ ತಾನೆ ಏರಿರೋದು." ಹೇಳುತ್ತಾ ಹೇಳುತ್ತಾ ಅವನೇ ಹಾಳೆ ಕಡೆ ನೋಡಿದ, ಪೆನ್ ತೆಗೆದ, 'ಹ್ಯಾವ್' ಮೇಲೆ ಗೀಟು ಎಳೆದು 'ಹ್ಯಾಸ್' ಅಂತ ಬರೆದ.

ಇದನ್ನು ಯಾಕೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ ಅಂದರೆ, ಎರರ್ ಸ್ಪಾಟಿಂಗ್, ಅಂದರೆ ಪರೀಕ್ಷೆಯಲ್ಲಿ ಇಂಗ್ಲಿಷ್ ವಾಕ್ಯದ ತಪ್ಪು ಹಿಡಿಯುವ ಪ್ರಶ್ನೆ, ಅಂದ ತಕ್ಷಣ ಕನ್ನಡ ಮೀಡಿಯಂ ಮಕ್ಕಳಿಗೆ ಎಲ್ಲರೂ ಹೇಳುವುದು ಒಂದೇ ಮಾತು, ನಿಮಗೆ ಕನ್ನಡ ಅಡ್ಡ ಬರುತ್ತೆ, ಇಂಗ್ಲಿಷಲ್ಲೇ ಯೋಚನೆ ಮಾಡಿ. ನನಗೆ ಈ ಮಾತು ಸರಿ ಅನ್ನಿಸುವುದಿಲ್ಲ. ಕನ್ನಡ ಕೆಲವು ಕಡೆ ಅಡ್ಡ ಬರುತ್ತದೆ, ನಿಜ. ಆದರೆ ಎಲ್ಲೆಲ್ಲಿ ಅಡ್ಡ ಬರುತ್ತದೆ ಅಂತ ಗೊತ್ತಾದರೆ ಅದೇ ದಾರಿ ತೋರಿಸುತ್ತದೆ.

ನಾನು ಮಂಡ್ಯದಲ್ಲಿ ಒಂದು ಬ್ಯಾಂಕಿನಲ್ಲಿ ಕ್ಲರ್ಕ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮೂರನೇ ಸಲಕ್ಕೆ ಕೆಲಸ ಸಿಕ್ಕಿತು. ಈಗ ಭಾನುವಾರ ಬೆಳಿಗ್ಗೆ ನಮ್ಮ ಮನೆ ಮಹಡಿ ಮೇಲೆ ಆರೇಳು ಜನ ಹುಡುಗ ಹುಡುಗಿಯರು ಬಂದು ಕೂರುತ್ತಾರೆ. ಮದ್ದೂರು ಕಡೆಯವರು ಇದ್ದಾರೆ, ಇಬ್ಬರು ಪಾಂಡವಪುರದಿಂದ ಬಸ್ಸಲ್ಲಿ ಬರುತ್ತಾರೆ, ವಾರವೆಲ್ಲಾ ರೈಲು ಹತ್ತಿ ಮೈಸೂರಿಗೆ ಕೋಚಿಂಗಿಗೆ ಹೋಗುವವರೂ ಇದ್ದಾರೆ. ಲೆಕ್ಕ, ರೀಸನಿಂಗ್ ಎಲ್ಲಾ ಚೆನ್ನಾಗಿ ಮಾಡುತ್ತಾರೆ. ಇಂಗ್ಲಿಷ್ ಬಂದರೆ ದನಿ ಸಣ್ಣದಾಗುತ್ತದೆ.

ಹೊಸಬರಿಗೆ ಒಂದೆರಡು ಮಾತು. ಬ್ಯಾಂಕ್ ಕ್ಲರ್ಕ್ ಕೆಲಸಕ್ಕೆ ನಡೆಯುವ ಐಬಿಪಿಎಸ್ ಪರೀಕ್ಷೆಯ ಮೊದಲ ಹಂತ, ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ಅಂದರೆ ಒಂದಕ್ಕೆ 40 ಸೆಕೆಂಡ್. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಎಸ್‌ಎಸ್‌ಸಿ ಸಿಜಿಎಲ್ (ಕೇಂದ್ರ ಸರ್ಕಾರಿ ಹುದ್ದೆಗಳ ಪರೀಕ್ಷೆ) ಮೊದಲ ಹಂತದಲ್ಲಿ 25 ಇಂಗ್ಲಿಷ್ ಪ್ರಶ್ನೆ, ಒಂದೊಂದಕ್ಕೆ 2 ಅಂಕ, ತಪ್ಪಾದರೆ ಅರ್ಧ ಅಂಕ ಕಟ್. ಇವುಗಳ ಮಧ್ಯೆ ಎರರ್ ಸ್ಪಾಟಿಂಗ್ ಬರುತ್ತದೆ. ಒಂದು ವಾಕ್ಯವನ್ನು ತುಂಡು ತುಂಡು ಮಾಡಿ ಕೊಟ್ಟಿರುತ್ತಾರೆ, ಯಾವ ತುಂಡಿನಲ್ಲಿ ತಪ್ಪಿದೆ ಹೇಳಬೇಕು, ತಪ್ಪೇ ಇಲ್ಲದಿದ್ದರೆ 'ನೋ ಎರರ್' ಅನ್ನಬೇಕು.

ನಾನು ಎರಡನೇ ಸಲ ಬರೆದಾಗ ಈ ಪ್ರಶ್ನೆಗಳನ್ನೆಲ್ಲಾ ಕಿವಿಗೆ ಬಿಟ್ಟಿದ್ದೆ. ಮನಸ್ಸಲ್ಲೇ ಓದುವುದು, ಎಲ್ಲಿ ಕೇಳೋಕೆ ಸರಿಯಿಲ್ಲವೋ ಅಲ್ಲಿ ಗುರುತು ಹಾಕುವುದು. ಇಂಗ್ಲಿಷ್ ಮನೆಮಾತಾಗಿರುವವರಿಗೆ ಇದು ಸ್ವಲ್ಪ ಮಟ್ಟಿಗೆ ನಡೆಯಬಹುದು. ನನ್ನ ಕಿವಿ ಕೇಳಿ ಬೆಳೆದದ್ದು ನಮ್ಮೂರಿನ ಇಂಗ್ಲಿಷ್. 'ಡಿಸ್ಕಸ್ ಅಬೌಟ್' ನನ್ನ ಕಿವಿಗೆ ಪೂರ್ತಿ ಸರಿ. ಯಾಕೆಂದರೆ ಮೇಷ್ಟ್ರು, ನೆಂಟರು, ಟಿವಿಯವರು ಎಲ್ಲರೂ ಹಾಗೇ ಹೇಳುತ್ತಾರೆ. ಹಾಗಾಗಿ ಓದಿದ್ದೆಲ್ಲಾ ಸರಿಯಾಗೇ ಕೇಳಿಸಿತು, ಕಟಾಫ್ ದಾಟಲಿಲ್ಲ. ಮನೆಗೆ ಬಂದು ಉತ್ತರ ನೋಡಿಕೊಂಡು ಅತ್ತಿದ್ದೆ.

ಈಗ ಮತ್ತೆ ಸೀರೆ ಬೆಲೆಗೆ ಬರೋಣ, ಏಕೆಂದರೆ ಇದು ಎಲ್ಲಕ್ಕಿಂತ ಜಾಸ್ತಿ ಕೇಳುವ ತಪ್ಪು.

ಕನ್ನಡದಲ್ಲಿ ಮುಖ್ಯ ಪದ ಕೊನೆಗೆ ಬರುತ್ತದೆ. ಅದಕ್ಕೆ ಸೇರಿದ ವಿವರ ಎಲ್ಲಾ ಮುಂಚೆ ಬಂದುಬಿಡುತ್ತದೆ. "ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ಮಾರುವ ಈ ರೇಷ್ಮೆ ಸೀರೆಗಳ ಬೆಲೆ ಏರಿದೆ." ನೋಡಿ, ವಾಕ್ಯ ಎಷ್ಟೇ ಉದ್ದ ಎಳೆದರೂ 'ಬೆಲೆ' ಮತ್ತು 'ಏರಿದೆ' ಅಕ್ಕಪಕ್ಕ ಕೂತಿವೆ. ತಪ್ಪು ಮಾಡುವುದೇ ಕಷ್ಟ. ಇಂಗ್ಲಿಷಿನಲ್ಲಿ ಉಲ್ಟಾ. 'ಪ್ರೈಸ್' ಮೊದಲೇ ಬಂದು ಕೂರುತ್ತದೆ, ಆಮೇಲೆ ಸೀರೆ, ಅಂಗಡಿ, ರಸ್ತೆ, ಮೈಸೂರು ಎಲ್ಲಾ ಬಂದು, ಕೊನೆಗೆ ಕ್ರಿಯಾಪದ ಬರುವ ಹೊತ್ತಿಗೆ 'ಪ್ರೈಸ್' ಎಲ್ಲೋ ಹಿಂದೆ ಉಳಿದಿರುತ್ತದೆ. ಹತ್ತಿರದಲ್ಲಿ ಕಾಣುವುದು 'ಶಾಪ್ಸ್', 'ಸ್ಯಾರೀಸ್'. ಬಹುವಚನ. ಕೈ 'ಹ್ಯಾವ್' ಕಡೆ ಹೋಗುತ್ತದೆ.

ಇದು ನಮಗೆ ಮಾತ್ರ ಆಗುವುದಲ್ಲ, ಇದನ್ನು ಮಕ್ಕಳಿಗೆ ನಾನು ಒತ್ತಿ ಹೇಳುತ್ತೇನೆ. 1991ರಲ್ಲಿ ಬಾಕ್ ಮತ್ತು ಮಿಲ್ಲರ್ ಎಂಬ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಇಂಗ್ಲಿಷ್ ಮನೆಮಾತಿನವರಿಗೇ ಇಂಥ ವಾಕ್ಯದ ಮೊದಲರ್ಧ ಕೊಟ್ಟು, ಮುಂದಿನದನ್ನು ಬಾಯಲ್ಲಿ ಹೇಳಿ ಮುಗಿಸಿ ಅಂದರು. ಮುಖ್ಯ ಪದ ಏಕವಚನವಾಗಿದ್ದು ಅದಾದ ಮೇಲೆ ಒಂದು ಬಹುವಚನ ಬಂದರೆ ಅವರೂ ಜಾರುತ್ತಿದ್ದರು. ಮುಖ್ಯ ಪದ ಬಹುವಚನವಾಗಿದ್ದು ಮಧ್ಯದಲ್ಲಿ ಏಕವಚನ ಬಂದರೆ ಅಷ್ಟು ಜಾರುತ್ತಿರಲಿಲ್ಲ. ಪ್ರಶ್ನೆಪತ್ರಿಕೆಗಳಲ್ಲೂ ನಾನು ಜಾಸ್ತಿ ನೋಡಿರುವುದು ಮೊದಲನೆಯ ಬಗೆಯನ್ನೇ: ಮೊದಲು ಏಕವಚನ, ಮಧ್ಯದಲ್ಲಿ ಒಂದೆರಡು ಬಹುವಚನ, ಆಮೇಲೆ 'ಆರ್' ಅಥವಾ 'ಹ್ಯಾವ್'.

ಇನ್ನೊಂದು ಕಾರಣವೂ ಇದೆ. ನಮ್ಮ ಕ್ರಿಯಾಪದ ತುಂಬಾ ಮಾತಾಡುತ್ತದೆ. ಬಂದೆ, ಬಂದೆವು, ಬಂದಿರಿ, ಬಂದನು, ಬಂದಳು, ಬಂದರು, ಬಂದಿತು, ಬಂದವು. ಯಾರು ಬಂದರು ಅಂತ ಬೇರೆ ಹೇಳಲೇಬೇಕಿಲ್ಲ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ 'ಕೇಮ್' ಒಂದೇ. ವರ್ತಮಾನದಲ್ಲಿ ಮಾತ್ರ ಒಂದು ಸಣ್ಣ 'ಎಸ್' ಉಳಿದಿದೆ. ಅಷ್ಟು ಸಣ್ಣದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದೂ ಅಲ್ಲದೆ ವಸ್ತುಗಳ ವಿಷಯದಲ್ಲಿ ನಾವು ಮಾತಾಡುವಾಗ ಸ್ವಲ್ಪ ಸಡಿಲ, "ಹತ್ತು ಪುಸ್ತಕ ಇದೆ" ಅಂದರೆ ಯಾರೂ ತಿದ್ದುವುದಿಲ್ಲ.

ಹಾಗಾಗಿ ನಾನು ಹೇಳಿಕೊಡುವ ಮೊದಲ ಕೆಲಸ ಇಷ್ಟೇ. ವಾಕ್ಯವನ್ನು ಮೊದಲಿಂದ ಓದಬೇಡಿ. ಕ್ರಿಯಾಪದ ಹುಡುಕಿ. ಅದನ್ನು ಕೇಳಿ, ಯಾರು, ಯಾವುದು ಅಂತ. ಏರಿದ್ದು ಯಾವುದು? ಬೆಲೆ. ಬೆಲೆ ಒಂದೋ, ಹಲವೋ? ಒಂದು. ಮುಗಿಯಿತು. ಮಧ್ಯದ ತುಂಡುಗಳ ಮೇಲೆ ಬೆರಳಿಟ್ಟು ಮುಚ್ಚಿಬಿಡಿ. ಕಂಪ್ಯೂಟರ್ ಪರೀಕ್ಷೆಯಲ್ಲೂ ಪರದೆ ಮೇಲೆ ಬೆರಳಿಟ್ಟರೆ ಯಾರೂ ಬೈಯುವುದಿಲ್ಲ.

ಇನ್ನು ಕನ್ನಡ ನಿಜವಾಗಿ ಅಡ್ಡ ಬರುವ ಜಾಗಗಳು. ಇವನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾ ಬಂದೆ, ಪ್ರತಿ ಸಲ ತಪ್ಪು ಮಾಡಿದಾಗ ಪಕ್ಕದಲ್ಲಿ ಅದರ ಕನ್ನಡವನ್ನೂ ಬರೆಯುವುದು. ಹೀಗೆ ಬರೆದಾಗಲೇ ನನಗೆ ಗೊತ್ತಾಗಿದ್ದು, ನಾನು ಮಾಡುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಸರಿಯಾದ ಕನ್ನಡ ಅಂತ.

"ಇಂದ" ತಗೊಳ್ಳಿ. "ಅವರು ನನಗೆ ಐದು ವರ್ಷದಿಂದ ಗೊತ್ತು." "ಅವರು ನನಗೆ 2019ರಿಂದ ಗೊತ್ತು." ಕನ್ನಡದಲ್ಲಿ ಎರಡಕ್ಕೂ 'ಇಂದ' ಸಾಕು. ಇಂಗ್ಲಿಷಿಗೆ ಎರಡು ಪದ ಬೇಕು. ಎಷ್ಟು ಕಾಲ ಅನ್ನುವುದಕ್ಕೆ 'ಫಾರ್', ಯಾವಾಗ ಶುರುವಾಯಿತು ಅನ್ನುವುದಕ್ಕೆ 'ಸಿನ್ಸ್'. ನಾವು ಎರಡಕ್ಕೂ 'ಸಿನ್ಸ್' ಹಾಕಿ 'ಸಿನ್ಸ್ ಫೈವ್ ಇಯರ್ಸ್' ಅನ್ನುತ್ತೇವೆ. ಅಲ್ಲಿಗೇ ನಿಲ್ಲುವುದಿಲ್ಲ. ಕನ್ನಡದಲ್ಲಿ 'ಗೊತ್ತು' ಅಂದರೆ ಇವತ್ತಿನ ಮಾತು, ಹಾಗಾಗಿ 'ಐ ನೋ ಹಿಮ್' ಅಂದುಬಿಡುತ್ತೇವೆ. ಅಲ್ಲಿ 'ಹ್ಯಾವ್ ನೋನ್' ಬೇಕು, ಆಗ ಶುರುವಾಗಿ ಈಗಲೂ ನಡೆಯುತ್ತಿದೆ ಅನ್ನುವುದನ್ನು ಇಂಗ್ಲಿಷ್ ಕ್ರಿಯಾಪದದಲ್ಲೇ ತೋರಿಸಬೇಕು. ಒಂದೇ ವಾಕ್ಯದಲ್ಲಿ ಎರಡು ಗುಂಡಿ. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಒಂದನ್ನು ಸರಿ ಮಾಡಿ ಇನ್ನೊಂದನ್ನು ಹಾಗೇ ಬಿಟ್ಟಿರುತ್ತಾರೆ.

"ನಿನ್ನೆ ಮೈಸೂರಿಗೆ ಹೋಗಿದ್ದೆ." ದಿನಾ ಹೇಳುವ ಮಾತು. ಇದು ಹಾಗೇ ಇಂಗ್ಲಿಷಿಗೆ ಹೋದರೆ 'ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ' ಆಗುತ್ತದೆ. ಇಂಗ್ಲಿಷಿನಲ್ಲಿ 'ಹ್ಯಾಡ್ ಗಾನ್' ಬರಬೇಕಾದರೆ ಅದಾದ ಮೇಲೆ ನಡೆದ ಇನ್ನೊಂದು ಘಟನೆ ಮಾತಿನಲ್ಲಿ ಇರಬೇಕು. ಅವನು ಬರುವಷ್ಟರಲ್ಲಿ ರೈಲು ಹೋಗಿತ್ತು, ಆ ತರಹ. ಸುಮ್ನೆ ನಿನ್ನೆ ಹೋಗಿ ಬಂದದ್ದಕ್ಕೆ 'ವೆಂಟ್' ಸಾಕು. ನಮ್ಮ ಮಹಡಿಯ ಮಕ್ಕಳಲ್ಲಿ ಇದನ್ನು ಮೊದಲ ದಿನವೇ ಹಿಡಿದವರು ಒಬ್ಬರೂ ಇಲ್ಲ.

"ಅವನು ಎಲ್ಲಿದ್ದಾನೆ?" "ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ." ಕನ್ನಡದಲ್ಲಿ ಪ್ರಶ್ನೆಯನ್ನು ಹಾಗೇ ಎತ್ತಿ ಒಳಗಿಟ್ಟು 'ಅಂತ' ಸೇರಿಸಿದರೆ ಆಯಿತು. ಪದಗಳು ಜಾಗ ಬದಲಿಸುವುದಿಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆ ಒಳಗೆ ಹೋದ ತಕ್ಷಣ ಪ್ರಶ್ನೆಯ ರೂಪ ಬಿಟ್ಟುಬಿಡುತ್ತದೆ, 'ವೇರ್ ಈಸ್ ಹೀ' ಹೋಗಿ 'ವೇರ್ ಹೀ ಈಸ್' ಆಗುತ್ತದೆ. ಉದ್ದ ವಾಕ್ಯದಲ್ಲಿ ಇದನ್ನು ಅಡಗಿಸಿಟ್ಟರೆ ಹಿಡಿಯುವುದು ತುಂಬಾ ಕಷ್ಟ.

"ನನ್ನ ಫ್ರೆಂಡ್ ಒಬ್ಬಳು" ಅನ್ನುತ್ತೇವೆ, ಏಕವಚನ. ಅದಕ್ಕೇ 'ಒನ್ ಆಫ್ ಮೈ ಫ್ರೆಂಡ್'. ಇಂಗ್ಲಿಷಿನ ಲೆಕ್ಕದಲ್ಲಿ ಮೊದಲು ಗುಂಪು ಇರಬೇಕು, ಆಮೇಲೆ ಅದರಿಂದ ಒಬ್ಬಳನ್ನು ತೆಗೆಯಬೇಕು, ಹಾಗಾಗಿ 'ಫ್ರೆಂಡ್ಸ್'. ವಿಷಯದ 'ಬಗ್ಗೆ' ಚರ್ಚೆ ಮಾಡುತ್ತೇವೆ, ಮೈಸೂರಿ'ಗೆ' ತಲುಪುತ್ತೇವೆ, ಅವಳ 'ಜೊತೆ' ಮದುವೆ ಆಗುತ್ತೇವೆ. ಆ ಮೂರೂ ಕಡೆ ಇಂಗ್ಲಿಷ್ ಏನನ್ನೂ ಕೇಳುವುದಿಲ್ಲ, 'ಡಿಸ್ಕಸ್', 'ರೀಚ್', 'ಮ್ಯಾರಿ' ಆದ ಮೇಲೆ ನೇರವಾಗಿ ವಿಷಯ, ಊರು, ಹುಡುಗಿ. 'ಗಿಂತ' ಅಂದರೆ 'ದ್ಯಾನ್' ಅಂತ ಕಲಿತಿದ್ದೇವೆ, ಆದರೆ 'ಪ್ರಿಫರ್', 'ಸೀನಿಯರ್', 'ಜೂನಿಯರ್' ಬಂದರೆ 'ಟು' ಹಾಕಬೇಕು. ಸಲಹೆಗಳು, ಮಾಹಿತಿಗಳು ಅನ್ನುತ್ತೇವೆ, ಇಂಗ್ಲಿಷಿನ 'ಅಡ್ವೈಸ್', 'ಇನ್‌ಫರ್ಮೇಶನ್'ಗೆ ಬಹುವಚನವೇ ಇಲ್ಲ. ಇವೆಲ್ಲಾ ಒಂದು ಸಲ ಬರೆದಿಟ್ಟುಕೊಂಡರೆ ಮುಗಿಯುವ ವಿಷಯ, ಜಾಸ್ತಿ ಹೇಳುವುದಿಲ್ಲ.

ಸರ್ವನಾಮದ ಬಗ್ಗೆ ಮಾತ್ರ ಹೇಳಲೇಬೇಕು. "ರಾಜು ಸೋಮುಗೆ ತನ್ನ ಬೈಕ್ ಕೊಟ್ಟ." ಯಾರ ಬೈಕ್? ರಾಜುದು. ಅನುಮಾನವೇ ಇಲ್ಲ, 'ತನ್ನ' ಅನ್ನುವ ಪದ ಅದನ್ನು ಕಟ್ಟಿಹಾಕಿದೆ. ಇಂಗ್ಲಿಷಿನಲ್ಲಿ 'ಹಿಸ್' ಅಂದರೆ ರಾಜುದೂ ಆಗಬಹುದು, ಸೋಮುದೂ ಆಗಬಹುದು. ಆ ಭಾಷೆಯಲ್ಲಿ ಈ ಗೊಂದಲ ಇರುವುದರಿಂದಲೇ ಸರ್ವನಾಮ ಯಾರನ್ನು ತೋರಿಸುತ್ತದೆ ಅನ್ನುವುದರ ಮೇಲೆ ಇಷ್ಟೊಂದು ಪ್ರಶ್ನೆ ಬರುತ್ತವೆ.

ಇದೇ ವಿಷಯಕ್ಕೆ ಅಮೆರಿಕದಲ್ಲಿ ಒಂದು ದೊಡ್ಡ ಜಗಳವೇ ಆಗಿತ್ತು. ಅಲ್ಲಿ ಹೈಸ್ಕೂಲ್ ಮಕ್ಕಳು ಪಿಎಸ್ಎಟಿ ಅಂತ ಒಂದು ಪರೀಕ್ಷೆ ಬರೆಯುತ್ತಾರೆ. 2002ರ ಅಕ್ಟೋಬರ್ ಪರೀಕ್ಷೆಯಲ್ಲಿ ಲೇಖಕಿ ಟೋನಿ ಮಾರಿಸನ್ ಬಗ್ಗೆ ಒಂದು ವಾಕ್ಯ ಕೊಟ್ಟಿದ್ದರು. ಟೋನಿ ಮಾರಿಸನ್‌ರ ಪ್ರತಿಭೆ ಆಕೆಗೆ ಇಂಥಿಂಥ ಕಾದಂಬರಿ ಬರೆಯುವ ಶಕ್ತಿ ಕೊಡುತ್ತದೆ, ಅನ್ನುವ ಅರ್ಥದ ವಾಕ್ಯ. ಅಧಿಕೃತ ಉತ್ತರ 'ತಪ್ಪಿಲ್ಲ'. ಮೇರಿಲ್ಯಾಂಡಿನ ಒಬ್ಬ ಹೈಸ್ಕೂಲ್ ಮೇಷ್ಟ್ರು ಇದನ್ನು ಒಪ್ಪಲಿಲ್ಲ. ಇಂಗ್ಲಿಷಿನ ಕೆಲವು ವ್ಯಾಕರಣ ಪುಸ್ತಕಗಳ ಪ್ರಕಾರ 'ಹರ್' ಅನ್ನುವ ಸರ್ವನಾಮ ಒಂದು ಹೆಸರನ್ನು ತೋರಿಸಬೇಕು, 'ಮಾರಿಸನ್ಸ್' (ಮಾರಿಸನ್‌ರ) ಅನ್ನುವ ಷಷ್ಠಿ ರೂಪವನ್ನು ತೋರಿಸುವ ಹಾಗಿಲ್ಲ, ಹಾಗಾಗಿ ತಪ್ಪಿದೆ ಅಂತ ವಾದ ಮಾಡಿದರು. ಪರೀಕ್ಷೆ ನಡೆಸುವವರು ಮೊದಲು ಒಪ್ಪಲಿಲ್ಲ. ಮೇಷ್ಟ್ರು ಬಿಡಲಿಲ್ಲ, ಪತ್ರದ ಮೇಲೆ ಪತ್ರ. ಕೊನೆಗೆ 2003ರಲ್ಲಿ ಆ ಪ್ರಶ್ನೆಯನ್ನೇ ಲೆಕ್ಕದಿಂದ ತೆಗೆದು ಮತ್ತೆ ಅಂಕ ಹಾಕಿದರು. ನಾಲ್ಕೂವರೆ ಲಕ್ಷಕ್ಕಿಂತ ಜಾಸ್ತಿ ಮಕ್ಕಳ ಅಂಕ ಏರಿತು.

ನನ್ನ ಅಭಿಪ್ರಾಯ ಕೇಳಿದರೆ ಆ ವಾಕ್ಯದಲ್ಲಿ ತಪ್ಪಿಲ್ಲ. ಓದಿದವರಿಗೆ 'ಆಕೆ' ಯಾರು ಅಂತ ಒಂದು ಕ್ಷಣವೂ ಅನುಮಾನ ಬರುವುದಿಲ್ಲ. ಆದರೆ ಒಂದು ನಿಯಮವನ್ನು ಓದಿಕೊಂಡು ಬಂದ ಮಗು ಅದನ್ನು ತಪ್ಪು ಅಂದರೆ ಆ ಮಗುವಿಗೆ ಅಂಕ ಕತ್ತರಿಸುವುದೂ ಸರಿಯಲ್ಲ. ಆ ಪ್ರಶ್ನೆ ತೆಗೆದದ್ದು ನ್ಯಾಯವೇ. ಅಲ್ಲಿ ಕಾಲೇಜು ಸೇರಲು ಬರೆಯುವ ಎಸ್ಎಟಿ ಪರೀಕ್ಷೆಯಲ್ಲೂ ಬಿಡಿ ವಾಕ್ಯ ಕೊಟ್ಟು ತಪ್ಪು ಹಿಡಿಯಿರಿ ಅನ್ನುವ ಪ್ರಶ್ನೆಗಳು 2005ರಿಂದ ಇದ್ದವು, 2016ರಲ್ಲಿ ಪರೀಕ್ಷೆ ಬದಲಾದಾಗ ಅವನ್ನು ಬಿಟ್ಟು, ಇಡೀ ಪ್ಯಾರಾ ಕೊಟ್ಟು ಅದರೊಳಗೆ ತಿದ್ದಲು ಕೇಳುವ ಕ್ರಮ ತಂದರು. ನಮ್ಮ ಕಡೆ ಬಿಡಿ ವಾಕ್ಯ ಇನ್ನೂ ನಡೆಯುತ್ತಿದೆ.

ಪ್ರಶ್ನೆಪತ್ರಿಕೆಯಲ್ಲೇ ತಪ್ಪಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಎಲ್ಲರಿಗೂ ನೆನಪಿರುತ್ತದೆ. 2024ರ ಆಗಸ್ಟ್ 27ರಂದು ಕೆಎಎಸ್ ಪೂರ್ವಭಾವಿ ಪರೀಕ್ಷೆ ನಡೆಯಿತು. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿದ ಅನುವಾದದಲ್ಲಿ ತಪ್ಪುಗಳಿವೆ, ಪ್ರಶ್ನೆಯೇ ಅರ್ಥವಾಗುವುದಿಲ್ಲ ಅಂತ ಕನ್ನಡದಲ್ಲಿ ಬರೆದ ಅಭ್ಯರ್ಥಿಗಳು ಬೀದಿಗೆ ಬಂದರು. ಮರುಪರೀಕ್ಷೆ ಮಾಡಿ ಅಂತ ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಡಿಸೆಂಬರ್ 29ರಂದು ಮತ್ತೆ ಪರೀಕ್ಷೆ ಆಯಿತು, ಅದರ ಅನುವಾದದ ಮೇಲೂ ದೂರು ಬಂತು. ಇದನ್ನು ಓದುವಾಗ ನನಗೆ ಹೊಟ್ಟೆ ಉರಿಯುತ್ತದೆ. ತಪ್ಪು ವಾಕ್ಯ ಯಾವುದು ಅಂತ ಮಕ್ಕಳನ್ನು ಕೇಳುವಾಗ ಕೇಳುವ ವಾಕ್ಯ ಸರಿ ಇರಬೇಕು ತಾನೆ? ಹಾಗಾಗಿ ಮಕ್ಕಳಿಗೆ ನಾನು ಹೇಳುತ್ತೇನೆ, ಕೀ ಉತ್ತರ (ಸರಿ ಉತ್ತರಗಳ ಪಟ್ಟಿ) ಬಿಡುವ ಪರೀಕ್ಷೆಗಳಲ್ಲಿ ಆಕ್ಷೇಪಣೆ ಹಾಕಲು ದಿನ ಕೊಟ್ಟಿರುತ್ತಾರೆ, ನಿಮಗೆ ಗಟ್ಟಿ ಕಾರಣ ಇದ್ದರೆ ಹಾಕಿ, ಹೆದರಬೇಡಿ.

ಹಾಗಂತ ಕನ್ನಡ ಪತ್ರಿಕೆ ನಮಗೆ ಸುಲಭ ಅಂದುಕೊಳ್ಳುವುದೂ ಬೇಡ. ಎಫ್‌ಡಿಎ, ಎಸ್‌ಡಿಎಗೆ (ರಾಜ್ಯ ಸರ್ಕಾರದ ಸಹಾಯಕ ಹುದ್ದೆಗಳಿಗೆ) ಓದುವ ಹುಡುಗಿಯೊಬ್ಬಳು ನಮ್ಮ ಗುಂಪಿನಲ್ಲಿದ್ದಾಳೆ. ಸಾಮಾನ್ಯ ಕನ್ನಡದಲ್ಲಿ ಅವಳಿಗೆ ಅಂಕ ಹೋಗುವುದು ಎಲ್ಲಿ ಗೊತ್ತಾ? ಅಕ್ಕಿ, ಹಕ್ಕಿ. ನಮ್ಮ ಮಂಡ್ಯದ ಮಾತಿನಲ್ಲಿ 'ಹ' ಅಷ್ಟಾಗಿ ಕೇಳಿಸುವುದಿಲ್ಲ, ಅದು ನಮ್ಮ ಮಾತಿನ ಚೆಂದ, ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಆದರೆ ಬರೆಯುವಾಗ ಹೆದರಿ ಹೆದರಿ, ಬೇಡದ ಕಡೆಯೂ 'ಹ' ಹಾಕಿ 'ಆಸೆ'ಯನ್ನು 'ಹಾಸೆ' ಮಾಡುತ್ತಾಳೆ. ಇನ್ನು ಕೋಟ್ಯಾಂತರ, ಜಾತ್ಯಾತೀತ. ಪೇಪರಿನಲ್ಲಿ, ಬ್ಯಾನರಿನಲ್ಲಿ ಎಲ್ಲಾ ಕಡೆ ಹೀಗೇ ನೋಡಿ ನೋಡಿ ಅದೇ ಸರಿ ಅನ್ನಿಸಿಬಿಟ್ಟಿದೆ. ಕೋಟಿ ಮತ್ತು ಅಂತರ ಸೇರಿದರೆ ಕೋಟ್ಯಂತರ, ಜಾತಿ ಮತ್ತು ಅತೀತ ಸೇರಿದರೆ ಜಾತ್ಯತೀತ, ಎರಡರಲ್ಲೂ ದೀರ್ಘ ಎಲ್ಲಿಂದಲೂ ಬರುವುದಿಲ್ಲ. ಯಣ್ ಸಂಧಿ ಅಂತ ಹೆಸರು ನೆನಪಿಲ್ಲದಿದ್ದರೂ ಪರವಾಗಿಲ್ಲ, ಪದವನ್ನು ಬಿಡಿಸಿ ನೋಡಿದರೆ ಉತ್ತರ ಅಲ್ಲೇ ಇದೆ. ಲಕ್ಷಾಂತರ ಮಾತ್ರ ದೀರ್ಘ, ಯಾಕೆಂದರೆ ಲಕ್ಷದ ಕೊನೆಯಲ್ಲಿ 'ಅ' ಇದೆ.

'ನೋ ಎರರ್' ಬಗ್ಗೆ ಎಷ್ಟು ಹೇಳಿದರೂ ಸಾಲದು. ತಪ್ಪು ಹುಡುಕು ಅಂತ ಹೇಳಿದ್ದಾರೆ, ಹಾಗಾದರೆ ತಪ್ಪು ಇರಲೇಬೇಕು ಅನ್ನುವ ಭಯ ಎಲ್ಲರಿಗೂ ಇದೆ. ಭಯಕ್ಕೆ ಸರಿಯಾದ ವಾಕ್ಯದಲ್ಲೂ ಏನನ್ನೋ ಕೆದಕಿ ತೆಗೆಯುತ್ತಾರೆ. ಚಿಕ್ಕಪ್ಪನ ಮಗ ಇದಕ್ಕೆ ಉಲ್ಟಾ, ಬೇಗ 'ನೋ ಎರರ್' ಹಾಕಿ ಮುಂದೆ ಓಡುವವನು. ಇಬ್ಬರಿಗೂ ನಾನು ಹೇಳುವುದು ಒಂದೇ: ಕ್ರಿಯಾಪದ ಮತ್ತು ಅದರ ಯಜಮಾನ, ಕಾಲ, ಸರ್ವನಾಮ, 'ಸಿನ್ಸ್', 'ಟು', 'ಅಬೌಟ್' ತರಹದ ಸಣ್ಣ ಪದ, ಇಷ್ಟನ್ನು ನೋಡಿ. ಎಲ್ಲಾ ಸರಿ ಇದ್ದರೆ ಧೈರ್ಯವಾಗಿ 'ನೋ ಎರರ್' ಹಾಕಿ, ತಿರುಗಿ ನೋಡಬೇಡಿ. ನಲವತ್ತು ಸೆಕೆಂಡಿನಲ್ಲಿ ಇಷ್ಟೆಲ್ಲಾ ಆಗುತ್ತದಾ ಅಂತ ಕೇಳುತ್ತಾರೆ. ಮೊದಲ ತಿಂಗಳು ಆಗುವುದಿಲ್ಲ. ಗಡಿಯಾರ ಬದಿಗಿಟ್ಟು, ದಿನಕ್ಕೆ ಹತ್ತು ವಾಕ್ಯ ಸಾಕು, ಪ್ರತಿಯೊಂದರ ಕನ್ನಡವನ್ನೂ ಬರೆಯಿರಿ. ಎರಡನೇ ತಿಂಗಳಿಗೆ ಕಣ್ಣು ತಾನಾಗಿ ಕ್ರಿಯಾಪದದ ಮೇಲೆ ಹೋಗಿ ನಿಲ್ಲುತ್ತದೆ. ನನಗೆ ಹಾಗೇ ಆಯಿತು.

ಅವತ್ತು ಕೊನೆಗೆ ಉಳಿದ ವಾಕ್ಯ ಇದು: 'ಹೀ ಈಸ್ ಒನ್ ಆಫ್ ದೋಸ್ ಹೂ ಕಮ್ಸ್ ಲೇಟ್.' 'ಕಮ್ಸ್' ಸರಿಯೋ ತಪ್ಪೋ? ಮದ್ದೂರಿನ ಹುಡುಗಿ ಸರಿ ಅಂದಳು, ವಾಕ್ಯ ಶುರುವಾಗುವುದೇ 'ಹೀ' ಇಂದ, ಅವನು ಒಬ್ಬನೇ ತಾನೆ ಅಂತ. ಪಾಂಡವಪುರದವರು ತಪ್ಪು ಅಂದರು, ಯಾಕೆ ಅಂತ ಹೇಳಲು ಬರಲಿಲ್ಲ. ನಾನು ನಿಯಮ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪನ ಮಗ ನೋಟ್‌ಬುಕ್ಕಿನಲ್ಲಿ ಕನ್ನಡ ಬರೆಯಲು ಶುರು ಮಾಡಿದ್ದ. "ತಡವಾಗಿ ಬರುವವರಲ್ಲಿ ಅವನೂ ಒಬ್ಬ." ಬರೆದು ಸ್ವಲ್ಪ ಹೊತ್ತು ಹಾಗೇ ನೋಡಿದ.

"ಅಕ್ಕ, ಬರುವವರಲ್ಲಿ. 'ವರು' ಇದೆ. ತಡವಾಗಿ ಬರೋದು ಅವರೆಲ್ಲಾ, ಇವನು ಅವರೊಳಗೆ ಒಬ್ಬ. 'ಹೂ' ಅಂದರೆ ಅವರೆಲ್ಲಾ. 'ಕಮ್' ಬರಬೇಕು."

ಮದ್ದೂರಿನ ಹುಡುಗಿ ಅವನ ನೋಟ್‌ಬುಕ್ ಎಳೆದುಕೊಂಡು ಇನ್ನೊಂದು ಸಲ ಓದಿದಳು. ಆಮೇಲೆ ತನ್ನ ಹಾಳೆಯಲ್ಲಿ 'ಎಸ್' ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಬರುವವರು' ಅಂತ ಬರೆದುಕೊಂಡಳು.